ಅಪ್ಪನಿಗೆ ಹೇಳದೆ 400 ಕಿಲೋಮೀಟರ್: ‘ಸೀರಿಯಸ್’ ಅಂತ ಸುಳ್ಳು ಹೇಳಿ ಮಣ್ಣಿಗೆ ಕರೆದುಕೊಂಡು ಹೋದದ್ದು ತಪ್ಪಾ?

ಕೃಷ್ಣಾ ದಂಡೆ (ಚರ್ಚೆ ಶುರು ಮಾಡಿದವರು)

ನಮಸ್ಕಾರ. ನಾನು ಇಲ್ಲಿ ಯಾವಾಗಲೂ ರಸ್ತೆ, ಟೋಲು, ಇಡ್ಲಿ ಎಲ್ಲಿ ಚೆನ್ನಾಗಿದೆ ಅಂತ ಕೇಳುವವನು. ಇವತ್ತಿನದು ಬೇರೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

19 ದಿನದ ಹಿಂದೆ ನಮ್ಮ ಆಯಿ ಹೋದರು. ಆಯಿ ಅಂದ್ರೆ ಅಪ್ಪನ ತಾಯಿ. ಊರು ಆಲಮಟ್ಟಿ ಹತ್ತಿರ. ಅಪ್ಪ ಅಮ್ಮ ಬೆಂಗಳೂರಲ್ಲಿ ನಮ್ಮ ಜೊತೆಗೇ ಇದ್ದಾರೆ. ಅಪ್ಪನಿಗೆ 68 ವರ್ಷ, ನಿವೃತ್ತ ಮೇಷ್ಟ್ರು. 2 ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ.

ರಾತ್ರಿ 9:40ಕ್ಕೆ ಕಾಕಾನ ಫೋನ್ ಬಂತು. ಬಾಲ್ಕನಿಗೆ ಹೋಗಿ ಎತ್ತಿದೆ. “ತಮ್ಮಾ, ಅವ್ವ ಹ್ವಾದಳು. ಅಣ್ಣಗ ಹೇಳಬ್ಯಾಡ. ಸೀರಿಯಸ್ ಐತಿ ಅಂತ ಹೇಳಿ ಕರ್ಕೊಂಡ್ ಬಾ. ನಾಳಿ 11ಕ್ಕ ಎತ್ತತೀವಿ.” ಇಷ್ಟೇ. ಗೋಲ್ ಗುಂಬಜ್ ರೈಲು ಸಂಜೆಗೇ ಹೋಗಿಬಿಟ್ಟಿತ್ತು. ಹೆಂಡತಿಗೆ ಅಡುಗೆಮನೆಯಲ್ಲಿ ವಿಷಯ ಹೇಳಿದೆ, ಅವಳು ಅಮ್ಮನಿಗೆ ಹೇಳಿದಳು. ಮಕ್ಕಳು ಅಲ್ಲೇ ಇದ್ದರು, ನಮಗೆ ಗಮನ ಇರಲಿಲ್ಲ. ಆಮೇಲೆ ಹಾಲ್‌ಗೆ ಬಂದು ಅಪ್ಪನಿಗೆ “ಆಯಿ ಸೀರಿಯಸ್ ಅಂತೆ” ಅಂದೆ.

ನಮ್ಮ ಕಡೆ ‘ಸೀರಿಯಸ್’ ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತು. ಅಪ್ಪನಿಗೂ ಅರ್ಥ ಆಗುತ್ತೆ, ಅರ್ಥ ಆಗದವರ ಹಾಗೆ ಗಾಡಿ ಹತ್ತುತ್ತಾರೆ ಅಂದುಕೊಂಡೆ. ನಾನು ಎಡವಿದ್ದೇ ಅಲ್ಲಿ. ಅಪ್ಪ ನನ್ನ ಮಾತು ನಂಬಿದ್ದರು.

10:45ಕ್ಕೆ ಹೊರಟೆವು. ನಾನೇ ಓಡಿಸಿದೆ. ಅಪ್ಪ ಮುಂದಿನ ಸೀಟು. ಹಿಂದೆ ಅಮ್ಮ, ಹೆಂಡತಿ, 10 ವರ್ಷದ ಮಗಳು, 5 ವರ್ಷದ ಮಗ. ನೆಲಮಂಗಲ ದಾಟುವ ಮೊದಲೇ ಅಪ್ಪ ತಮ್ಮ ಹಳೇ ವಿದ್ಯಾರ್ಥಿ ಒಬ್ಬರಿಗೆ ಫೋನ್ ಮಾಡಲು ಶುರು ಮಾಡಿದರು. ಅವರು ಬಾಗಲಕೋಟೆಯಲ್ಲಿ ಡಾಕ್ಟರ್. “ಈಗ ಮಲಗಿರ್ತಾರೆ ಅಪ್ಪಾ, ಬೆಳಿಗ್ಗೆ ಮಾಡೋಣ” ಅಂದೆ. ತುಮಕೂರು ಬಂತು, ಶಿರಾ ಬಂತು. “ಆಂಬುಲೆನ್ಸ್‌ನ್ಯಾಗ ಆಕ್ಸಿಜನ್ ಇರತೈತಿ ಇಲ್ಲೋ ಕೇಳು ನಿಮ್ಮ ಕಾಕಾಗ” ಅಂದರು. ಕೇಳುವ ಹಾಗೆ ನಾಟಕ ಮಾಡಿದೆ. ಫೋನ್ ಕಿವಿಗಿಟ್ಟುಕೊಂಡು “ಹೂಂ, ಹೂಂ” ಅಂದೆ. ಆ ಕಡೆ ಯಾರೂ ಇರಲಿಲ್ಲ.

ಹಿರಿಯೂರಿನಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಒಂದೂವರೆ. ಅಪ್ಪ ಗ್ಲಾಸ್ ಹಿಡಿದುಕೊಂಡು ಲೆಕ್ಕ ಹಾಕುತ್ತಿದ್ದರು. “ಈ ಸಲ ಅವ್ವನ್ನ ಬಿಟ್ಟು ಬರಾಂಗಿಲ್ಲ. ಬೆಂಗಳೂರಿಗೆ ಕರ್ಕೊಂಡ್ ಹೋಗೂಣು. ಬಾತ್‌ರೂಮಿನ್ಯಾಗ ಹಿಡಕೊಳ್ಳಾಕ ಒಂದು ಹ್ಯಾಂಡಲ್ ಹಾಕಸಬೇಕು. ಮಕ್ಕಳ ಕೋಣ್ಯಾಗ ಮಂಚ ಆ ಕಡೆ ಸರಿಸಿದ್ರ ಆತು.” ನನ್ನ ಹೆಂಡತಿ ಮುಖ ತಿರುಗಿಸಿಕೊಂಡು ಲಾರಿಗಳನ್ನು ನೋಡುತ್ತಿದ್ದಳು. ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿ ಬರಲಿಲ್ಲ.

ಚಿತ್ರದುರ್ಗ, ಕೂಡ್ಲಿಗಿ, ಹೊಸಪೇಟೆ. ಕುಷ್ಟಗಿ ಇನ್ನೂ ಸ್ವಲ್ಪ ದೂರ ಇರುವಾಗ ಫೋನ್ ಬಂತು. ಫೋನ್ ಗಾಡಿಯ ಬ್ಲೂಟೂತ್‌ಗೆ ಜೋಡಿಸಿತ್ತು. ನಾನು ಬಟನ್ ಒತ್ತುವಷ್ಟರಲ್ಲಿ ಅದೇ ಎತ್ತಿಕೊಂಡಿತು. ಕಾಕಾನ ಮಗ. ಗಾಡಿಯ ಅಷ್ಟೂ ಸ್ಪೀಕರ್‌ಗಳಲ್ಲಿ ಅವನ ದನಿ: “ಅಣ್ಣಾ ಎಲ್ಲಿ ಅದೀರಿ? ಆಯಿನ ರಾತ್ರಿನ ಕುಂದ್ರಿಸೀವಿ. ಹೂವಿನ ಹಾರ ನೀವು ತರ್ತೀರೋ, ನಾವ ಹೇಳೂಣೋ?”

ಅದರ ಹಿಂದೆ ಭಜನೆಯ ತಾಳದ ಸದ್ದು. ಕಟ್ ಮಾಡಿದೆ. ಯಾರೂ ಉಸಿರೆತ್ತಲಿಲ್ಲ. ಆಗ ಹಿಂದಿನಿಂದ ನನ್ನ ಮಗ, ದೊಡ್ಡ ಗುಟ್ಟು ಕಾಪಾಡಿದವನ ಹಾಗೆ, “ಅಜ್ಜಾ, ನನಗೆ ಮನೇಲೇ ಗೊತ್ತಿತ್ತು. ನಾನು ಹೇಳಲೇ ಇಲ್ಲ!” ಅಂದ.

ಅಪ್ಪ ಅಳಲಿಲ್ಲ. ಬಹಳ ಹೊತ್ತಾದ ಮೇಲೆ “ಇಳಕಲ್‌ದಾಗ ನಿಂದರಸು. ಸೀರಿ ತಗೋಬೇಕು” ಅಂದರು. ಇನ್ನೂ ಆರು ಗಂಟೆ ಆಗಿರಲಿಲ್ಲ. ಅಂಗಡಿಯ ಮೇಲೇ ಮನೆ ಇದ್ದವರೊಬ್ಬರನ್ನು ಎಬ್ಬಿಸಿದೆವು. ಪಾಪ, ಅವರು ಬನಿಯನ್‌ನಲ್ಲೇ ಬಂದು ಷಟರ್ ಎತ್ತಿದರು. ಅಪ್ಪ ಐದಾರು ಸೀರೆ ಬಿಚ್ಚಿಸಿದರು. ಗೋಮಿ ದಡಿ, ತೋಪು ತೆನಿ ಸೆರಗು, ದಾಳಿಂಬೆ ಬಣ್ಣದ ಒಂದನ್ನು ಆರಿಸಿದರು. ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ “ಇದ ಅಕಿಗೆ ಸೇರತೈತಿ” ಅಂದರು. ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ಮನುಷ್ಯ, ಹೇಳಿದ ರೇಟು ಎಣಿಸಿ ಕೊಟ್ಟರು.

ಏಳೂವರೆಗೆ ತಲುಪಿದೆವು. ಮಣ್ಣು ಎಲ್ಲಾ ಸರಿಯಾಗಿ ಆಯಿತು. ಆದರೆ ಅವತ್ತಿನಿಂದ ಅಪ್ಪ ಕಾಕಾನ ಜೊತೆ ಮಾತು ಬಿಟ್ಟಿದ್ದಾರೆ. ನನ್ನ ಜೊತೆ ಬೇಕಾದಷ್ಟೇ. ಒಂದೇ ಸಲ ಬಾಯಿ ಬಿಟ್ಟರು: “ನನ್ನ ಹಡದಾಕಿ ಹೋಗಿದ್ದು ಐದು ವರ್ಷದ ಹುಡುಗಗ ಗೊತ್ತಿತ್ತು, ನನಗಿಲ್ಲ. ನಾನ್ನೂರು ಕಿಲೋಮೀಟರ್ ನನ್ನ ಹುಚ್ಚನ ಮಾಡಿದ್ರಿ.”

ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ? ಹೇಳಿಬಿಡುತ್ತೀರಾ, ಮುಚ್ಚಿಡುತ್ತೀರಾ?

---

ಹಳದಿ ಬೋರ್ಡ್

ಸರ್, ದುಃಖ ಆಯಿತು. ನಾನು 18 ವರ್ಷದಿಂದ ಟ್ಯಾಕ್ಸಿ ಓಡಿಸ್ತಾ ಇದ್ದೀನಿ. ನಮ್ಮಲ್ಲಿ ಇದಕ್ಕೆ ‘ಸಾವಿನ ಬಾಡಿಗೆ’ ಅಂತಾರೆ. ತಿಂಗಳಿಗೆ ಒಂದಾದ್ರೂ ಬರುತ್ತೆ. ಗಾಡಿ ಹತ್ತೋ ಮೊದಲು ಯಾರಾದ್ರೂ ಒಬ್ಬರು ಪಕ್ಕಕ್ಕೆ ಕರೆದು “ಡ್ರೈವರ್ ಅಣ್ಣಾ, ಅಜ್ಜಿಗೆ ಹೇಳಿಲ್ಲ, ಬಾಯಿ ಬಿಡಬೇಡಿ” ಅಂತಾರೆ. ನಾನೂ ಹೂಂ ಅಂತೀನಿ. ಹಾಡು ಹಾಕೋ ಹಾಗಿಲ್ಲ, ಸುಮ್ನೆ ಇದ್ರೂ ಅನುಮಾನ. ಹೇಳದೇ ಇರೋದೇ ಒಳ್ಳೇದು ಅಂತ ನನಗೆ ಅನಿಸಿದ್ದು ಒಂದೇ ಕಾರಣಕ್ಕೆ: ದಾರಿ ಮಧ್ಯ ಯಾರಾದ್ರೂ ಎದೆ ಬಡ್ಕೊಂಡು ಅತ್ರೆ ಸ್ಟೀರಿಂಗ್ ಹಿಡಿದವನ ಕೈ ನಡುಗುತ್ತೆ.

ಆದ್ರೆ ನಿಮ್ಮ ದೊಡ್ಡ ತಪ್ಪು ಬೇರೆ ಇದೆ, ಬೇಜಾರು ಮಾಡ್ಕೋಬೇಡಿ. ನೀವೇ ಯಾಕೆ ಓಡಿಸಿದ್ರಿ? ಅಜ್ಜಿ ಹೋದ ಸುದ್ದಿ ತಲೇಲಿ, ನಿದ್ದೆ ಇಲ್ಲ, ಪಕ್ಕದಲ್ಲಿ ನಾಟಕ ಬೇರೆ. ಫೋನ್ ಕಿವಿಗೆ ಇಟ್ಟು ಓಡಿಸಿದೆ ಅಂತ ನೀವೇ ಬರೆದಿದ್ದೀರಿ! ರಾತ್ರಿ 3ರಿಂದ 5ರ ಮಧ್ಯ ಕಣ್ಣು ತಾನಾಗೇ ಎಳೆಯುತ್ತೆ, ಎಂಥ ಡ್ರೈವರ್‌ಗೂ. ಚಿತ್ರದುರ್ಗದಿಂದ ಹೊಸಪೇಟೆ ರಸ್ತೆ ನೇರ, ಖಾಲಿ, ಅದಕ್ಕೇ ಇನ್ನೂ ಅಪಾಯ. ಲೈಟಿಲ್ಲದೆ ನಿಲ್ಲಿಸಿದ ಲಾರಿ ಹತ್ತಿರ ಬರೋವರೆಗೂ ಕಾಣಲ್ಲ. ಇಂಥ ಟೈಮಲ್ಲಿ ಒಬ್ಬ ಡ್ರೈವರ್‌ಗೆ ದುಡ್ಡು ಕೊಡಿ. ಇಲ್ಲಾ ಪಕ್ಕದ ಮನೆ ಹುಡುಗನ್ನ ಕೇಳಿ, ಯಾರೂ ಇಲ್ಲ ಅನ್ನಲ್ಲ. ಹೆದ್ದಾರಿಯಲ್ಲಿ ಗಾಡಿ ಕೆಟ್ರೆ 1033ಕ್ಕೆ ಫೋನ್ ಮಾಡಿ. ಈ ನಂಬರು ಯಾರೂ ನೆನಪಿಟ್ಕೊಳ್ಳಲ್ಲ.

ಮಣ್ಣಿಗೆ ಹೋಗೋಕೆ ಹೋಗಿ ಇನ್ನೊಂದು ಮಣ್ಣು ಆದದ್ದು ನೋಡಿದ್ದೀನಿ ಸರ್. ಜಾಸ್ತಿ ಬರೆಯಲ್ಲ.

---

ಕೃಷ್ಣಾ ದಂಡೆ

ಬೇಜಾರಿಲ್ಲ ಅಣ್ಣಾ. ನೀವು ಹೇಳಿದ್ದು ನಿಜ. ಕೂಡ್ಲಿಗಿ ಆದಮೇಲೆ ಒಂದು ಹತ್ತು ಹದಿನೈದು ಕಿಲೋಮೀಟರ್ ನನಗೆ ನೆನಪೇ ಇಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ಇಲ್ಲೇ ಮೊದಲು ಬರೆಯುತ್ತಿರುವುದು.

---

ಬೆಲ್ಲದ ಗಾಣ

ನಾನು ಮಂಡ್ಯ ಕಡೆಯವಳು. ನಮ್ಮ ಅಮ್ಮನಿಗೆ ನಾವೂ ಹೀಗೇ ಮಾಡಿದ್ದೆವು. ಅಜ್ಜಿಗೆ ಹುಷಾರಿಲ್ಲ, ನೋಡಿಕೊಂಡು ಬರೋಣ ಬಾ ಅಂತ. ಮೈಸೂರಿನಿಂದ ಒಂದೂವರೆ ಗಂಟೆ ದಾರಿ ಅಷ್ಟೇ. ಅಮ್ಮ ಅಜ್ಜಿಗೆ ಇಷ್ಟ ಅಂತ ಡಬ್ಬಿಗೆ ಒಬ್ಬಟ್ಟು ತುಂಬಿಕೊಂಡು ಬಂದಿದ್ದರು. ಊರ ಬಾಗಿಲಿಗೆ ಬಂದಾಗ ತಮಟೆ ಸದ್ದು ಕೇಳಿಸಿತು. ಅಮ್ಮ “ಯಾರ ಮನೇಲೋ ಪಾಪ” ಅಂದರು. ಕಾರು ಬೀದಿಗೆ ತಿರುಗಿತು. ನಮ್ಮ ಮನೆ ಮುಂದೆಯೇ ಶಾಮಿಯಾನ, ಜನ, ಹೊಗೆ. ಅಮ್ಮ ಕಾರಿನ ಬಾಗಿಲು ತೆಗೆದು ಅಲ್ಲೇ ಕುಸಿದರು. ಒಬ್ಬಟ್ಟಿನ ಡಬ್ಬಿ ರಸ್ತೆಗೆ ಬಿತ್ತು. ಅದನ್ನು ಈಗಲೂ ಊರಲ್ಲಿ ಹೇಳುತ್ತಾರೆ, “ಒಬ್ಬಟ್ಟು ತಂದಿದ್ದ ಮಗಳು” ಅಂತ.

ಆದರೂ ನಾನು ಮುಚ್ಚಿಟ್ಟವರ ಪರ. ಆ ಒಂದೂವರೆ ಗಂಟೆ ಅಮ್ಮ ನೆಮ್ಮದಿಯಾಗಿದ್ದರು. ನಿಮ್ಮ ಅಪ್ಪ ಕೂಡ ಹಿರಿಯೂರಿನವರೆಗೆ ತಾಯಿಯನ್ನು ಮನೆಗೆ ತರುವ ಕನಸಲ್ಲಿದ್ದರು, ಅಲ್ವಾ? ಅದೂ ಸಿಕ್ಕಿತಲ್ಲ.

---

ರಾತ್ರಿ ಪಾಳಿ

ಮೇಲಿನವರ ಮಾತು ನಾನು ಒಪ್ಪಲ್ಲ ಅಕ್ಕ. ನೆಮ್ಮದಿ ಅಲ್ಲ ಅದು, ಆತಂಕ. ಅವರು ಕನಸು ಕಾಣ್ತಿರಲಿಲ್ಲ, ಆಕ್ಸಿಜನ್ ಲೆಕ್ಕ ಹಾಕ್ತಿದ್ದರು.

ನಾನು ನರ್ಸ್. ಐಸಿಯುನಲ್ಲಿ 11 ವರ್ಷ ಆಯಿತು. ಸಾವಿನ ಸುದ್ದಿ ಹೇಳುವಾಗ ಜೊತೆಗೆ ನಿಂತಿದ್ದೀನಿ, ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ‘ಹಾರ್ಟ್ ಪೇಷೆಂಟ್, ಹೇಳಬೇಡಿ’ ಅಂತ ಮನೆಯವರು ದಿನಾ ಹೇಳ್ತಾರೆ. ಆಘಾತದಿಂದ ಹೃದಯಕ್ಕೆ ತೊಂದರೆ ಆಗೋದು ನಿಜ, ಇಲ್ಲ ಅನ್ನಲ್ಲ. ಆದರೆ ಸ್ವಲ್ಪ ಯೋಚನೆ ಮಾಡಿ. ನಿಮ್ಮ ತಂದೆಗೆ ಗೊತ್ತಾದದ್ದು ಎಲ್ಲಿ? ಬೆಳಗಿನ ಜಾವ, ಕುಷ್ಟಗಿ ಹತ್ತಿರ, ಹೆದ್ದಾರಿಯಲ್ಲಿ, ಆರೂವರೆ ಗಂಟೆ ಕೂತು ಮೈ ದಣಿದ ಮೇಲೆ, ಮಾತ್ರೆ ತಗೊಂಡಿದ್ದರೋ ಇಲ್ಲವೋ ನಿಮಗೇ ಗೊತ್ತಿಲ್ಲ. ಹತ್ತಿರ ದೊಡ್ಡ ಆಸ್ಪತ್ರೆ ಇಲ್ಲ. ಮನೆಯಲ್ಲೇ ಹೇಳಿದ್ದರೆ? ಸೋಫಾ ಇತ್ತು, ನೀರು ಇತ್ತು, ಅವರಿಗೆ ಸ್ಟೆಂಟ್ ಹಾಕಿದ ಆಸ್ಪತ್ರೆಯೇ ಊರಲ್ಲಿತ್ತು. ಕೆಟ್ಟ ಸುದ್ದಿ ಹೇಳೋಕೆ ಅದಕ್ಕಿಂತ ಒಳ್ಳೇ ಜಾಗ ಸಿಗಲ್ಲ.

ಹೇಳೋ ಕ್ರಮ ಕೂಡ ಇದೆ. ಕೂರಿಸಿ. ರಾತ್ರಿ ಮಾತ್ರೆ ಕೊಡಿ. “ಒಂದು ಕೆಟ್ಟ ಸುದ್ದಿ ಇದೆ” ಅಂತ ಒಂದು ಮಾತು ಮೊದಲು ಹೇಳಿ, ಎರಡು ಉಸಿರು ಬಿಡಿ. ಆಮೇಲೆ “ಆಯಿ ತೀರಿಕೊಂಡರು” ಅಂತ ಸೀದಾ ಹೇಳಿ. “ಹೋಗಿಬಿಟ್ಟರು”, “ಇನ್ನಿಲ್ಲ ಅಂತೆ” ಅಂತ ಸುತ್ತಿಬಳಸಬೇಡಿ, ಕೆಲವರು “ಎಲ್ಲಿಗೆ?” ಅಂತ ಕೇಳ್ತಾರೆ, ನಿಜವಾಗಿ. ಹೇಳಿದ ಮೇಲೆ ನೀವು ಸುಮ್ಮನಿರಿ. ಡಾಕ್ಟರ್ ಬರೆದುಕೊಟ್ಟ ನಾಲಿಗೆ ಕೆಳಗಿಡೋ ಮಾತ್ರೆ ಇದ್ದರೆ ಜೇಬಲ್ಲಿಟ್ಟುಕೊಂಡು ಹೊರಡಿ. ಗಾಡಿಯಲ್ಲಿ ಅವರು ಅಳಲಿ, ಆಯಿ ಕಥೆ ಹೇಳಲಿ. ಅದಕ್ಕೇ ಅಲ್ವಾ ದಾರಿ ಇರೋದು.

---

ಚಾಮುಂಡಿ ಪಾದ

ತಪ್ಪು ತಿಳಿಯಬೇಡಿ, ಗೊತ್ತಿಲ್ಲದೆ ಕೇಳ್ತಿದ್ದೀನಿ. “ಕುಂದ್ರಿಸೀವಿ” ಅಂದ್ರೆ ಏನು? ಮತ್ತೆ 11 ಗಂಟೆ ಅಂತ ಯಾಕೆ ಅಷ್ಟು ಅವಸರ, ಫ್ರೀಜರ್ ಬಾಕ್ಸ್ ತರಿಸಿ ಒಂದು ದಿನ ಕಾಯಬಹುದಿತ್ತಲ್ವಾ?

---

ಕೃಷ್ಣಾ ದಂಡೆ

ಇಲ್ಲ ಇಲ್ಲ, ಕೇಳಿದ್ದು ಒಳ್ಳೇದಾಯಿತು. ನಾವು ಲಿಂಗಾಯತರು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ, ಅದೂ ಕುಳಿತ ಭಂಗಿಯಲ್ಲಿ. ಹಾಗಾಗಿ ಜೀವ ಹೋದ ಸ್ವಲ್ಪ ಹೊತ್ತಿಗೇ ಮೈ ಒರೆಸಿ, ವಿಭೂತಿ ಹಚ್ಚಿ, ಕಾಲು ಮಡಚಿ ಗೋಡೆಗೆ ಒರಗಿಸಿ ಕೂರಿಸಿಬಿಡುತ್ತಾರೆ. ತಡ ಆದರೆ ಮೈ ಸೆಟೆದುಕೊಳ್ಳುತ್ತೆ, ಮಡಚೋಕೆ ಆಗಲ್ಲ. ಅದಕ್ಕೇ “ಕುಂದ್ರಿಸೀವಿ” ಅನ್ನೋ ಒಂದು ಮಾತು ಕೇಳಿದರೆ ಸಾಕು, ನಮ್ಮವರಿಗೆ ಮತ್ತೇನೂ ಹೇಳಬೇಕಿಲ್ಲ. ಅಪ್ಪನಿಗೂ ಆ ಒಂದು ಮಾತಿಗೇ ಎಲ್ಲಾ ತಿಳಿಯಿತು.

ಮಾಮೂಲಿ ಫ್ರೀಜರ್ ಪೆಟ್ಟಿಗೆ ಮಲಗಿಸೋಕೆ ಮಾಡಿದ್ದು. ಕೂತವರಿಗೆ ಅದು ಆಗಲ್ಲ. ನಮ್ಮೂರಲ್ಲಿ ಫ್ಯಾನು, ಊದಿನಕಡ್ಡಿ, ಅಷ್ಟೇ. ರಾತ್ರಿಯೆಲ್ಲಾ ಭಜನೆ ನಡೆಯುತ್ತೆ. ಬೆಳಿಗ್ಗೆ ಬಿದಿರು, ಬಾಳೆಕಂಬ, ಹೂವಿನಿಂದ ಕುರ್ಚಿಯ ಥರ ‘ವಿಮಾನ’ ಕಟ್ಟಿ ಅದರಲ್ಲಿ ಕೂರಿಸಿ ಮೆರವಣಿಗೆ. ಕುಣಿಯ ಒಂದು ಗೋಡೆಯಲ್ಲಿ ಗೂಡು ಕೊರೆದಿರುತ್ತಾರೆ, ಅದರಲ್ಲಿ ಕೂರಿಸುತ್ತಾರೆ. ಅಂಗೈಯಲ್ಲಿ ಇಷ್ಟಲಿಂಗ. ಬಿಲ್ವಪತ್ರಿ, ವಿಭೂತಿ, ಉಪ್ಪು. ಆಮೇಲೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು. ಅದಕ್ಕೇ ನಾವು ಅಂತ್ಯಕ್ರಿಯೆ ಅನ್ನಲ್ಲ, ‘ಮಣ್ಣಿಗೆ ಹೋಗಿದ್ವಿ’ ಅಂತೀವಿ.

ನನ್ನ ಮಗಳು ಕುಣಿಯ ಅಂಚಿಗೆ ಬಂದು ನೋಡಿದಳು. ಕರೆದುಕೊಂಡು ಹೋಗೋದು ಬೇಡ ಅಂತ ಅಮ್ಮ ಅಂದಿದ್ದರು, ಅವಳೇ ಹಟ ಮಾಡಿ ಬಂದಳು. “ಆಯಿ ಮಲಗಿಲ್ಲ, ಕೂತಿದ್ದಾರೆ” ಅಂತ ತಮ್ಮನಿಗೆ ಹೇಳಿದಳು. ಅವಳಿಗೆ ಅದು ಸಮಾಧಾನ ಕೊಟ್ಟ ಹಾಗಿತ್ತು.

---

ರಾತ್ರಿ ಪಾಳಿ

ಸೆಟೆಯೋದರ ಬಗ್ಗೆ ಹೇಳಿದ್ದು ಸರಿ. ಸಾಮಾನ್ಯವಾಗಿ 2ರಿಂದ 4 ಗಂಟೆಯಲ್ಲಿ ದವಡೆ, ಕತ್ತಿನಿಂದ ಶುರುವಾಗುತ್ತೆ, ಅರ್ಧ ದಿನದ ಹೊತ್ತಿಗೆ ಪೂರ್ತಿ. ಹಿರಿಯರು ಯಾವ ಪುಸ್ತಕ ಓದಿದ್ದರೋ!

---

ಶಿರಾಡಿ ತಿರುವು

ನಾನು ಬ್ಯಾರಿ, ಪುತ್ತೂರು ಕಡೆಯವನು. ನಮ್ಮಲ್ಲಿ ಈ ‘ಸೀರಿಯಸ್’ ನಾಟಕಕ್ಕೆ ಅವಕಾಶವೇ ಇಲ್ಲ ಮಾರಾಯ್ರೆ. ಸಾವಾದ ಕೂಡಲೇ ವಾಟ್ಸ್ಯಾಪ್‌ನಲ್ಲಿ ‘ಇನ್ನಾ ಲಿಲ್ಲಾಹಿ’ ಅಂತ ಶುರುವಾಗುವ ಸಂದೇಶ ಬರ್ತದೆ, ಕೆಳಗೆ ಯಾವ ಮಸೀದಿ, ದಫನ್ ಎಷ್ಟು ಗಂಟೆಗೆ ಅಂತ. ಮೊದಲ ಶಬ್ದಕ್ಕೇ ಎಲ್ಲ ಗೊತ್ತಾಗ್ತದೆ. ಹೇಳುವವನಿಗೆ ಮಾತು ಹುಡುಕುವ ಕಷ್ಟವೂ ಇಲ್ಲ.

ಕಾಯುವುದೂ ಇಲ್ಲ. ಆದಷ್ಟು ಬೇಗ ಮಾಡಬೇಕು ಅಂತ ಇದೆ. ನನ್ನ ತಾಯಿಯ ತಾಯಿ ಹೋದಾಗ ಜುಲೈ ತಿಂಗಳು. ಬೆಂಗಳೂರಿನಿಂದ ಹೊರಟು ಸಕಲೇಶಪುರಕ್ಕೆ ಬಂದರೆ ಗುಡ್ಡ ಜರಿದು ಶಿರಾಡಿ ಬಂದ್. ವಾಪಸ್ ತಿರುಗಿ ಮೂಡಿಗೆರೆ, ಚಾರ್ಮಾಡಿ ಅಂತ ಬಂದೆವು. ಹೇರ್‌ಪಿನ್ ತಿರುವಲ್ಲಿ ಮಂಜು, ಎದುರಿಗೆ ಸಾಲು ಸಾಲು ಗಾಡಿ. ಮುಟ್ಟುವಾಗ ಎಲ್ಲ ಮುಗಿದಿತ್ತು. ಖಬರ್ ಮೇಲಿನ ಮಣ್ಣು ಹಸಿ ಇತ್ತು, ಮಳೆ ಹೊಡೆಯದ ಹಾಗೆ ಟಾರ್ಪಾಲ್ ಕಟ್ಟಿದ್ದರು. ಮುಖ ನೋಡಲು ಸಿಗಲಿಲ್ಲ ಅಂತ ಬೇಜಾರಿದೆ. ಆದರೆ ಯಾರ ಮೇಲೂ ಸಿಟ್ಟಿಲ್ಲ. ಮಳೆಯ ಮೇಲೆ ಸಿಟ್ಟು ಮಾಡುವುದು ಹೇಗೆ?

ನಿಮ್ಮ ತಂದೆಯವರ ಸಿಟ್ಟಿಗೆ ಒಬ್ಬ ಮನುಷ್ಯ ಸಿಕ್ಕಿದ್ದಾನೆ ನೋಡಿ. ಅದೇ ವ್ಯತ್ಯಾಸ.

---

ಡಬ್ಲಿನ್ ಚಳಿ

ನನಗೆ 4 ದಿನ ಬಿಟ್ಟು ಹೇಳಿದರು. “ನಿನ್ನ ಪರೀಕ್ಷೆ ಇತ್ತಲ್ಲ” ಅಂತ. 6 ವರ್ಷ ಆಯಿತು. ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಆ 4 ದಿನದಲ್ಲಿ ನಾನು ಎರಡು ಸಲ ಮನೆಗೆ ಫೋನ್ ಮಾಡಿದ್ದೆ. “ಅಜ್ಜ ಏನ್ಮಾಡ್ತಿದ್ದಾರೆ?” ಅಂತ ಕೇಳಿದ್ದೆ. “ಮಲಗಿದ್ದಾರೆ” ಅಂದಿದ್ದರು.

---

ಸೀರೆ ಸಂತೆ

ಇಳಕಲ್‌ನಲ್ಲಿ ಆ ಅಂಗಡಿ ಯಾವುದು? ಗೋಮಿ ದಡಿ ಅಸಲಿ ಕೈಮಗ್ಗದ್ದು ಈಗ ಏನು ರೇಟು ನಡೀತಿದೆ?

---

ಹಳದಿ ಬೋರ್ಡ್

ಮೇಡಂ, ಸ್ವಲ್ಪ ನೋಡಿ ಕೇಳಿ. ಯಾವ ಚರ್ಚೆ ಇದು?

---

ಕೃಷ್ಣಾ ದಂಡೆ

ಇರಲಿ ಅಣ್ಣಾ, ಪರವಾಗಿಲ್ಲ. ಅಂಗಡಿ ಹೆಸರು ನಾನು ನೋಡಲೇ ಇಲ್ಲ ಮೇಡಂ, ಕತ್ತಲೆ ಇತ್ತು. ರೇಟು ಅಪ್ಪನಿಗೇ ಗೊತ್ತು, ಈಗ ಕೇಳೋ ಪರಿಸ್ಥಿತಿ ಇಲ್ಲ.

---

ಘಟಪ್ರಭಾ

ಆಲಮಟ್ಟಿ ಹತ್ತಿರ ಅಂದ್ರಿ. ಮುಳುಗಡೆ ಊರಾ? ನಮ್ಮದು ಹಳೇ ಬಾಗಲಕೋಟೆ, ಮನೆ ನೀರಿಗೆ ಹೋಯಿತು, ಈಗ ನವನಗರ. ನಿಮ್ಮ ಮುತ್ಯಾನ, ಅಂದ್ರೆ ಅಜ್ಜನ, ಗದ್ದುಗೆ (ಮಣ್ಣು ಮಾಡಿದ ಜಾಗ) ಎಲ್ಲಿದೆ? ನಮ್ಮ ಅಜ್ಜಂದು ನೀರಲ್ಲೇ ಇದೆ, ಅದಕ್ಕೇ ಕೇಳಿದೆ.

---

ಕೃಷ್ಣಾ ದಂಡೆ

ಹೌದು, ಮುಳುಗಡೆ. ಯಾರಾದರೂ ಕೇಳುತ್ತೀರಿ ಅಂತ ಗೊತ್ತಿತ್ತು.

ಮುತ್ಯಾ ಹೋಗಿದ್ದು 1994ರಲ್ಲಿ. ಹೊಳೆ ಪಕ್ಕದ ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ದರು. ಆಮೇಲೆ ಡ್ಯಾಂ ನೀರು ಬಂತು. ಊರು ಪುನರ್ವಸತಿ ಕೇಂದ್ರಕ್ಕೆ ಎದ್ದು ಬಂತು, ಮುತ್ಯಾ ಅಲ್ಲೇ ಉಳಿದರು. ಆಯಿ ಇಪ್ಪತ್ತು ವರ್ಷದಿಂದ ಒಂದೇ ಮಾತು: “ನನ್ನ ಅವರ ಮಗ್ಗಲಾಗ ಇಡ್ರಿ.” ನೀರೊಳಗೆ ಎಲ್ಲಿ ಇಡೋದು? ಹೂಂ ಹೂಂ ಅನ್ನುತ್ತಿದ್ದೆವು. ಅದೂ ಒಂದು ಸುಳ್ಳೇ, ಈಗ ಯೋಚಿಸಿದರೆ.

ಆಯಿ ಹೋಗಿದ್ದು ಕಾರಹುಣ್ಣಿಮೆ ಹೊತ್ತಿಗೆ. ಆಗ ನೀರು ಪೂರಾ ಇಳಿದಿರುತ್ತೆ. ಹಳೇ ಊರಿನ ಅಡಿಪಾಯ, ಹಗೇವಿನ ಬಾಯಿ ಎಲ್ಲಾ ಕಾಣುತ್ತೆ. ಕಾಕಾ ಆ ರಾತ್ರಿ ಏನು ಮಾಡಿದ್ದಾರೆ ಅಂದ್ರೆ, ನನಗೆ ಫೋನ್ ಮಾಡಿದ ಮೇಲೆ ಟ್ರ್ಯಾಕ್ಟರ್ ತಗೊಂಡು ಹಳೇ ಹೊಲಕ್ಕೆ ಹೋಗಿದ್ದಾರೆ. ಮುತ್ಯಾನ ಜಾಗದ ಮಣ್ಣು ತರೋಕೆ. ಹೂಳಿನಲ್ಲಿ ಟ್ರ್ಯಾಕ್ಟರ್ ಹೂತುಹೋಯಿತು. ಅದನ್ನು ಎಳೆಯೋಕೆ ಇನ್ನೊಂದು ಟ್ರ್ಯಾಕ್ಟರ್ ತರಿಸಿದರು. ಅದರ ಹಗ್ಗ ಹರಿಯಿತು. ಬೆಳಿಗ್ಗೆ ನಾವು ಹೋದಾಗ ಕಾಕಾ ಮೊಣಕಾಲವರೆಗೆ ಕೆಸರು, ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಅಂಗಳದಲ್ಲಿ ಮೂರು ಗೊಬ್ಬರದ ಚೀಲ ಕರಿಮಣ್ಣು. ಅಪ್ಪ ಅದನ್ನು ನೋಡಿದರು. ಏನೂ ಅನ್ನಲಿಲ್ಲ, ಒಳಗೆ ಹೋದರು.

ಕುಣಿ ಹೊಸ ಸ್ಮಶಾನದಲ್ಲೇ ತೆಗೆದಿದ್ದರು. ಆಯಿಯ ಸುತ್ತ ಮೊದಲು ಆ ಮೂರು ಚೀಲದ ಮಣ್ಣು ಹಾಕಿದರು. ಆಮೇಲೆ ನಾವೆಲ್ಲ.

ಡ್ಯಾಂನಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ, 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಹಾಗಾದರೆ ಹೊಸ ಸ್ಮಶಾನಕ್ಕೆ ನೀರು ಬರುತ್ತಾ ಅಂತ ಕಾಕಾ ಆಗಲೇ ಯಾರ ಹತ್ತಿರವೋ ಕೇಳಿ ಬಂದಿದ್ದಾರೆ. “ಇನ್ನೊಮ್ಮಿ ಎಬ್ಬಿಸಾಕ ಆಗಾಂಗಿಲ್ಲ ತಮ್ಮಾ” ಅಂದರು.

---

ಘಟಪ್ರಭಾ

ನಿಮ್ಮ ಕಾಕಾನ ಕಾಲಿಗೆ ಬೀಳಬೇಕು. ಮುಂದಿನ ಬೇಸಿಗೆಗೆ ನಾನೂ ಒಂದು ಚೀಲ ತರುತ್ತೇನೆ.

---

ಅಡಿಕೆ ಸೋಗೆ

ತಡವಾಗಿ ಬರೆಯುತ್ತಿದ್ದೇನೆ. ಈ ‘ಹೇಳಬೇಡ’ ಅನ್ನೋದನ್ನು ತೀರ್ಮಾನ ಮಾಡುವವರು ಯಾರು ಅಂತ ಯಾರೂ ಕೇಳಲಿಲ್ಲವಲ್ಲ? ನಮ್ಮ ಸಿದ್ದಾಪುರ ಕಡೆಯೂ ಇದೇ. ಫೋನ್ ಮಾಡಿದವರು ಒಂದು ಮಾತಲ್ಲಿ ಹೇಳಿಬಿಡುತ್ತಾರೆ, ಕೇಳಿಸಿಕೊಂಡವನು ಎಂಟು ಗಂಟೆ ಹೊರಬೇಕು. ಕಾಕಾಗೆ ಅಣ್ಣನ ಹತ್ತಿರ ಹೇಳುವ ಧೈರ್ಯ ಇರಲಿಲ್ಲ, ನಿಮ್ಮ ಹೆಗಲಿಗೆ ಹಾಕಿದರು. ನೀವು ಹೆಂಡತಿಗೆ ಹೇಳಿ ಹಗುರ ಮಾಡಿಕೊಂಡಿರಿ, ಅವರು ಅತ್ತೆಗೆ ಹೇಳಿದರು. ಅಪ್ಪ ಒಬ್ಬರಿಗೇ ಹಂಚಿಕೊಳ್ಳಲು ಯಾರೂ ಇರಲಿಲ್ಲ. ಅವರ ಸಿಟ್ಟು ಸುಳ್ಳಿಗಲ್ಲ ಅನಿಸುತ್ತದೆ. ಗಾಡಿಯಲ್ಲಿ ಆರು ಜನ ಇದ್ದೂ ಅವರನ್ನು ಒಬ್ಬರನ್ನೇ ಹೊರಗಿಟ್ಟದ್ದಕ್ಕೆ.

ಒಂದು ಮಾತು. “ತಪ್ಪಾಯಿತು” ಅಂತ ಹೇಳಿದ್ದೀರಾ? ಇಲ್ಲಿ ನಮಗೆ ಎಷ್ಟೊಂದು ಬರೆದಿರಿ.

---

ಕೃಷ್ಣಾ ದಂಡೆ

ಹೇಳಿರಲಿಲ್ಲ.

---

ಕೃಷ್ಣಾ ದಂಡೆ (3 ದಿನದ ನಂತರ)

ಎಲ್ಲರಿಗೂ ಒಂದು ಸುದ್ದಿ ಹೇಳೋದಿದೆ. ಮೊನ್ನೆ ರಾತ್ರಿ ಅಪ್ಪನ ಕೋಣೆಗೆ ಹೋಗಿ ತಪ್ಪಾಯಿತು ಅಂದೆ. ಫೋನ್ ಕಿವಿಗಿಟ್ಟು ಹೂಂ ಹೂಂ ಅಂದದ್ದನ್ನೂ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಅವರು ನನ್ನನ್ನೇ ನೋಡುತ್ತಾ ಕೂತರು. ಆಮೇಲೆ “ಆಕ್ಸಿಜನ್ ಐತಿ ಅಂದಿದ್ದೆಲ್ಲ ನೀ” ಅಂದರು. ಅಷ್ಟು ದಿನದಲ್ಲಿ ಮೊದಲ ಸಲ ಅತ್ತರು. ನಾನೂ. ಟ್ರ್ಯಾಕ್ಟರ್ ಹಗ್ಗ ಹರಿದ ಕಥೆ ನನ್ನ ಬಾಯಿಂದ ಇನ್ನೊಮ್ಮೆ ಹೇಳಿಸಿಕೊಂಡರು. ಕಾಕಾಗೆ ಇನ್ನೂ ಫೋನ್ ಮಾಡಿಲ್ಲ. ಆದರೆ ಇವತ್ತು ಬೆಳಿಗ್ಗೆ “ಅವಗ ಚಪ್ಪಲಿ ಎಷ್ಟನೇ ನಂಬರ್?” ಅಂತ ಅಮ್ಮನ ಹತ್ತಿರ ಕೇಳುತ್ತಿದ್ದರು.

ಮತ್ತೆ ಒಂದು ಸಹಾಯ ಬೇಕು. ಅಪ್ಪ ಬಾತ್‌ರೂಮಿಗೆ ಆ ಹ್ಯಾಂಡಲ್ ಹಾಕಿಸು ಅಂತ ಹಿಂದೆ ಬಿದ್ದಿದ್ದಾರೆ. “ಯಾರಿಗೆ ಅಪ್ಪಾ?” ಅಂದೆ. “ನಿಮ್ಮವ್ವಗ ಬ್ಯಾಡೇನು? ನನಗ ಬ್ಯಾಡೇನು?” ಅಂದರು. ಯಾವ ಥರದ್ದು ತರಲಿ, ಎಷ್ಟು ಎತ್ತರಕ್ಕೆ ಹಾಕಿಸಲಿ? ಅಂಗಡಿಯಲ್ಲಿ ರಬ್ಬರ್ ಕಪ್ ಇರೋದು, ಅಂಟಿಸೋದು ತೋರಿಸಿದರು.

---

ರಾತ್ರಿ ಪಾಳಿ

ರಬ್ಬರ್ ಕಪ್‌ದು ಖಂಡಿತ ಬೇಡ. ಒದ್ದೆ ಟೈಲ್ಸ್ ಮೇಲೆ ಯಾವಾಗ ಬೇಕಾದರೂ ಕಿತ್ತು ಬರುತ್ತೆ, ಅದನ್ನು ನಂಬಿ ಭಾರ ಹಾಕಿದವರು ಬಿದ್ದು ಸೊಂಟ ಮುರ್ಕೊಂಡು ನಮ್ಮಲ್ಲಿಗೆ ಬರ್ತಾರೆ. ಸ್ಟೀಲ್‌ದು ತಗೊಳ್ಳಿ, ಗೋಡೆಗೆ ಡ್ರಿಲ್ ಮಾಡಿ ಸ್ಕ್ರೂ ಹಾಕಿಸಿ. ಎತ್ತರ ಅಳತೆ ಪಟ್ಟಿ ನೋಡಿ ಮಾಡಬೇಡಿ. ಅಪ್ಪನ್ನ ಕಮೋಡ್ ಮೇಲೆ ಕೂರಿಸಿ, ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಆಮೇಲೆ ಅಮ್ಮನ್ನ ಕೂರಿಸಿ ಇನ್ನೊಂದು ಗುರುತು.

---

ಹಳದಿ ಬೋರ್ಡ್

ಎರಡೂ ಹಾಕಿಸಿಬಿಡಿ ಸರ್.